ಹಾಸ್ಟೆಲ್ಲಿನ ಮೊದಲ ಹದಿನೈದು ದಿನ



ಪಿಯುಸಿ ಮುಗಿಸಿ ಪದವಿಗೆಂದು ಊರು ಬಿಟ್ಟ ಹುಡುಗಿಯೋ ಹುಡುಗನೋ ಮೊದಲ ಸಲ ಹಾಸ್ಟೆಲ್ಲಿನ ಬಾಗಿಲಲ್ಲಿ ಸಾಮಾನು ಇಳಿಸಿದ ಮೇಲಿನ ಹದಿನೈದು ದಿನಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕಾಲೇಜಿನಲ್ಲಿ ಪಾಠ ಹೇಳುತ್ತ, ಜೊತೆಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಕೆಲಸವನ್ನೂ ನೋಡಿಕೊಂಡವಳು ನಾನು. ಓದನ್ನು ಅರ್ಧಕ್ಕೆ ಬಿಟ್ಟು ಹೋದ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ. ನಾನು ಕಂಡ ಮಟ್ಟಿಗೆ ಪರೀಕ್ಷೆಗೆ ಸೋತು ಹೋದವರಿಗಿಂತ ಈ ಹದಿನೈದು ದಿನಕ್ಕೆ ಸೋತು ಹೋದವರೇ ಹೆಚ್ಚು. ಮಾರ್ಕ್ಸ್ ಕಾರ್ಡಿನಲ್ಲಿ ಅದು ಕಾಣುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಗೆ ಅಡ್ಡ ಗೆರೆ ಬೀಳುತ್ತದೆ, ಸೀಟು ಇನ್ನೊಬ್ಬರಿಗೆ ಹೋಗುತ್ತದೆ, ಯಾರೂ ಏಕೆಂದು ಕೇಳುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಠಿಣ. ಹುಡುಗ ಹೆದರಿ ಊರಿಗೆ ಓಡಿಬಂದರೆ ಅಪ್ಪ ಬೈದು, ಚಿಕ್ಕಪ್ಪ ಸಮಾಧಾನ ಹೇಳಿ, ವಾರ ಕಳೆದ ಮೇಲೆ ಮತ್ತೆ ಬಸ್ಸು ಹತ್ತಿಸುತ್ತಾರೆ. ಹುಡುಗಿ ಅತ್ತುಕೊಂಡು ಬಂದರೆ ‘ಅವಳಿಗೆ ಆಗಲಿಲ್ಲ ಬಿಡಿ’ ಎಂದು ಮಾತು ಮುಗಿಯುತ್ತದೆ. ಅದರ ಬೆನ್ನಿಗೇ ಗಂಡು ನೋಡುವ ಮಾತು ಶುರುವಾಗುತ್ತದೆ. ಆಕೆಗೆ ಎರಡನೇ ಅವಕಾಶ ಇಲ್ಲ. ಅದಕ್ಕೇ ಆ ಮೊದಲ ಅವಕಾಶವನ್ನು ನಾವೆಲ್ಲ ಸೇರಿ ಕಾಯಬೇಕಾಗಿದೆ.

ಹಾಸ್ಟೆಲ್ ಎಂಬುದು ನಮ್ಮ ನಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಅದಕ್ಕೆ ಮೊದಲು ಇದ್ದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ವಾರದ ದಿನಗಳನ್ನು ಹಂಚಿಕೊಂಡು ಉಂಡು ಬಡ ಹುಡುಗರು ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಓದಿದರು. ಆ ಮನೆಗಳ ಉಪಕಾರವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ವಾರಾನ್ನದ ಬಾಗಿಲು ಜಾತಿ ಕೇಳಿಯೇ ತೆರೆಯುತ್ತಿತ್ತು. ಹುಡುಗಿಯರಿಗಂತೂ ಆ ದಾರಿಯೇ ಇರಲಿಲ್ಲ. ಊಟಕ್ಕೆ ಮನೆ ಸಿಗದ ಹುಡುಗ ಎಷ್ಟೇ ಬುದ್ಧಿವಂತನಾಗಿರಲಿ, ಅವನ ಓದು ಹಳ್ಳಿಯ ಶಾಲೆಗೇ ಮುಗಿಯುತ್ತಿತ್ತು.

ಕೊಲ್ಹಾಪುರದ ಶಾಹು ಮಹಾರಾಜರು ಈ ಗಂಟನ್ನು ಬಿಚ್ಚಲು ಹೊರಟರು. ಶಾಲೆ ತೆರೆದರಷ್ಟೇ ಸಾಲದು, ಮಗುವಿಗೆ ಅನ್ನವೂ ಮಲಗುವ ಜಾಗವೂ ಬೇಕೆಂದು ಕಂಡುಕೊಂಡು 1901ರಿಂದ ಒಂದೊಂದು ಸಮುದಾಯಕ್ಕೂ ಬೋರ್ಡಿಂಗ್ ಕಟ್ಟಿಸಲು ನೆರವಾದರು. ಗಡಿಯ ಈಚೆಯ ಬೆಳಗಾವಿ ಸೀಮೆಯ ಮಕ್ಕಳಿಗೂ ಅಲ್ಲಿ ನೆರಳು ಸಿಕ್ಕಿತು. ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆಯನ್ನೂ ವಸತಿಯನ್ನೂ ನಡೆಸಿ ತಮ್ಮ ಜನರಿಂದಲೇ ಬಹಿಷ್ಕಾರ ಉಂಡರು. ಧಾರವಾಡದ ಮುರುಘಾಮಠದಲ್ಲಿ ಉಚಿತ ಪ್ರಸಾದ ನಿಲಯ ನಡೆಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತವರು, 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರ ಸಾವಿರ ಮಕ್ಕಳಿಗೆ ಜಾತಿ ಕೇಳದೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಬರಗಾಲದ ಬಯಲುಸೀಮೆಯಿಂದ ಒಂದು ಚೀಲ ಹಿಡಿದು ಬಂದ ಮಕ್ಕಳು ಅಲ್ಲಿ ಮುದ್ದೆ ಉಂಡು ಓದಿದರು.

ಆಮೇಲೆ ಸರ್ಕಾರ ಈ ಹೊಣೆಯನ್ನು ದೊಡ್ಡದಾಗಿ ಹೊತ್ತದ್ದು ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ. ಹಿಂದುಳಿದ ವರ್ಗಗಳನ್ನು ಕುರಿತು ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳ ಹಾಸ್ಟೆಲ್ಲುಗಳು ತಾಲ್ಲೂಕು ತಾಲ್ಲೂಕಿಗೂ ಬಂದವು. ಪರಿಶಿಷ್ಟರ ಹಾಸ್ಟೆಲ್ಲುಗಳು ಅದಕ್ಕೂ ಮೊದಲಿನಿಂದ ಇದ್ದವು. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿದವರಿಗೆ ಅಂಥ ಹಾಸ್ಟೆಲ್ಲಿನ ಹಸಿವೂ ಗೆಳೆತನವೂ ಗೊತ್ತು. ಈಗ ಸೀಟು ಸಿಗದೆ ಹೋದ ಹಿಂದುಳಿದ ವರ್ಗದ ಮಕ್ಕಳಿಗೂ ‘ವಿದ್ಯಾಸಿರಿ’ ಇದೆ. ಬಾಡಿಗೆ ಕೋಣೆಯಲ್ಲಿದ್ದು ಓದುವವರ ಊಟ ವಸತಿಗೆಂದು 2013–14ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುತ್ತಿದ್ದರು.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಒಂದು ಹಾಸ್ಟೆಲ್ ಸೀಟಿನ ಹಿಂದೆ ನೂರು ವರ್ಷದ ದುಡಿಮೆ ಇದೆ. ಅಂಥ ಸೀಟು ಪಡೆದ ಮಗು ಎರಡು ವಾರ ಅತ್ತು ಎದ್ದು ಹೋಗುವುದಾದರೆ ತಪ್ಪು ಮಗುವಿನದಲ್ಲ. ಆ ಎರಡು ವಾರ ನಾವು ಏನು ಮಾಡುತ್ತಿದ್ದೆವು ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಮೊದಲ ದಿನಕ್ಕೆ ಬರೋಣ. ಹೊಸ ಹುಡುಗಿಯ ಜೊತೆ ಬರುವ ಸಾಮಾನು ಹೆಚ್ಚೇನಿಲ್ಲ. ಒಂದು ಟ್ರಂಕು ಅಥವಾ ಬ್ಯಾಗು, ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಮಗ್ಗು, ತಟ್ಟೆ, ಲೋಟ. ಹೊದಿಕೆ, ಚಾಪೆ ಸುತ್ತಿ ಕಟ್ಟಿದ ಸುರುಳಿ. ಉತ್ತರದ ಕಡೆಯವಳಾದರೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ. ಕರಾವಳಿಯವಳಾದರೆ ಹಪ್ಪಳ, ಮಿಡಿ ಉಪ್ಪಿನಕಾಯಿ. ಗೇಟಿನ ಹತ್ತಿರದ ಅಂಗಡಿಯಲ್ಲಿ ಕೊಂಡ ಹೊಸ ಬೀಗ. ಆ ಬೀಗವನ್ನು ಮಕ್ಕಳು ಬಹಳ ಹೊತ್ತು ಕೈಯಲ್ಲಿ ತಿರುಗಿಸುತ್ತ ಕೂರುವುದನ್ನು ಗಮನಿಸಿದ್ದೇನೆ. ಹುಟ್ಟಿದಾಗಿನಿಂದ ತನ್ನದೇ ಎಂಬ ಪೆಟ್ಟಿಗೆ, ಅದಕ್ಕೊಂದು ಬೀಗದ ಕೈ ಇಟ್ಟುಕೊಂಡ ಮಕ್ಕಳಲ್ಲ ಅವರು. ಯಾರಿಂದ ಯಾವುದನ್ನು ಮುಚ್ಚಿಡಬೇಕು ಎಂಬುದೇ ಅವರಿಗೆ ತಿಳಿಯದು.

ಅಪ್ಪ ಫಾರಂಗೆ ಸಹಿ ಹಾಕುತ್ತಾರೆ, ಎಲ್ಲಿ ಹಾಕಬೇಕೆಂದು ನಾವು ಬೆರಳಿಟ್ಟು ತೋರಿಸಬೇಕು. ಕೊನೆಯ ಬಸ್ಸು ತಪ್ಪೀತೆಂಬ ಅವಸರ ಬೇರೆ. ಮಡಚಿದ ನೋಟುಗಳನ್ನು ಮಗಳ ಕೈಗಿಟ್ಟು, ‘ಹುಷಾರು, ಚೆನ್ನಾಗಿ ಓದು’ ಎಂದು ಹೊರಟುಬಿಡುತ್ತಾರೆ. ಹೊಸದಾಗಿ ವಾರ್ಡನ್ ಆಗಿರುವವರಿಗೆ ನಾನು ಹೇಳುವುದು ಇಷ್ಟೇ: ಆ ಅಪ್ಪ ಗೇಟು ದಾಟಿದ ಮೇಲಿನ ಅರ್ಧ ಗಂಟೆ ಆಫೀಸಿನ ಕೆಲಸ ಬದಿಗಿಡಿ. ಹುಡುಗಿಯನ್ನು ಕೋಣೆಯವರೆಗೆ ನೀವೇ ಕರೆದುಕೊಂಡು ಹೋಗಿ. ಬಚ್ಚಲು ಎಲ್ಲಿ, ಕುಡಿಯುವ ನೀರು ಎಲ್ಲಿ, ರಾತ್ರಿ ದೀಪದ ಸ್ವಿಚ್ಚು ಎಲ್ಲಿ ಎಂಬುದನ್ನು ತೋರಿಸಿ. ನಾಚಿಕೆಯಿಂದ ಇದನ್ನು ಕೇಳಲಾರದೆ ರಾತ್ರಿಯೆಲ್ಲ ಎದ್ದು ಕೂತ ಮಕ್ಕಳಿದ್ದಾರೆ.

ಮೊದಲ ರಾತ್ರಿ ನಿದ್ದೆ ಬರುವುದಿಲ್ಲ. ಬರದಿರುವುದು ಸಹಜ. ಅಜ್ಜಿಯ ಮಗ್ಗುಲಲ್ಲಿ ಚಾಪೆಯ ಮೇಲೆ ಮಲಗಿ ಬೆಳೆದವಳಿಗೆ ಕಬ್ಬಿಣದ ಮಂಚ ಎತ್ತರವೆನಿಸುತ್ತದೆ. ಬೀಳುತ್ತೇನೆಂಬ ಭಯದಲ್ಲಿ ಗೋಡೆಗೆ ಅಂಟಿಕೊಂಡಿರುತ್ತಾಳೆ. ಓದುವ ಸೀನಿಯರ್ ಒಬ್ಬಳು ಹನ್ನೆರಡು ಗಂಟೆಯವರೆಗೆ ಟ್ಯೂಬ್‌ಲೈಟ್ ಉರಿಸಿರುತ್ತಾಳೆ. ಬೆಳಗಿನ ಜಾವ ಐದಕ್ಕೇ ಬಚ್ಚಲ ಮುಂದೆ ಬಕೆಟ್ಟುಗಳ ಸಾಲು. ನೀರು ಬದಲಾದದ್ದರಿಂದ ಒಂದೆರಡು ದಿನ ಹೊಟ್ಟೆ ಕೆಡಬಹುದು. ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳು ಒಂದೆರಡು ತಿಂಗಳು ಏರುಪೇರಾಗುವುದೂ ಉಂಟು. ಊಟ, ನಿದ್ದೆ, ಮನಸ್ಸು ಮೂರೂ ಒಟ್ಟಿಗೇ ಅಲ್ಲಾಡಿದಾಗ ಮೈ ಹೀಗೆ ಉತ್ತರ ಕೊಡುತ್ತದೆ. ಇದನ್ನು ಮೊದಲೇ ಒಬ್ಬರು ಬಾಯಿಬಿಟ್ಟು ಹೇಳಿದ್ದರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ಅಮ್ಮಂದಿರು ಹೊರಡುವ ಮುನ್ನ ಮಗಳಿಗೆ ಇದನ್ನು ಹೇಳಿ ಕಳಿಸಿ ಎಂದು ಕೈಮುಗಿದು ಕೇಳುತ್ತೇನೆ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯ ನೆನಪು ಎಲ್ಲಕ್ಕಿಂತ ಗಟ್ಟಿಯಾಗಿ ಏಳುವುದು ತಟ್ಟೆಯ ಮುಂದೆ. ನಮ್ಮದು ಒಂದೇ ರಾಜ್ಯ, ಆದರೆ ಅನ್ನ ಒಂದೇ ಅಲ್ಲ. ಮಂಡ್ಯದ ಹುಡುಗಿಗೆ ರಾತ್ರಿ ಮುದ್ದೆ ಇಳಿಯದಿದ್ದರೆ ಉಂಡಂತಾಗುವುದಿಲ್ಲ. ಯಾದಗಿರಿಯವಳು ಆ ಮುದ್ದೆಯನ್ನು ಅಗಿಯಲು ಹೋಗಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾಳೆ. ಅದನ್ನು ನುಂಗಬೇಕೆಂದು ಅವಳಿಗೆ ಯಾರು ಹೇಳಿದ್ದಾರೆ? ಕುಂದಾಪುರದವಳಿಗೆ ಕುಚ್ಚಲಕ್ಕಿ ಇಲ್ಲದ ಬೆಳ್ತಿಗೆ ಅನ್ನ ಹಗುರ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೊಡಗಿನವಳು ಕಡುಬನ್ನು ನೆನೆಯುತ್ತಾಳೆ. ಎಲ್ಲರ ಮುಂದೂ ಅದೇ ಅನ್ನ, ಅದೇ ಸಾರು.

ಆದರೆ ರುಚಿಗಿಂತ ದೊಡ್ಡ ತೊಡಕು ಇನ್ನೊಂದಿದೆ. ಮನೆಯಲ್ಲಿ ಅಮ್ಮ ‘ಇನ್ನೊಂಚೂರು ಹಾಕ್ಲಾ’ ಎಂದು ಕೇಳಿ, ಬೇಡವೆಂದರೂ ಹಾಕಿ ಬೆಳೆಸಿದ ಮಗು ಅದು. ಹಾಸ್ಟೆಲ್ಲಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಬೇಕಾದರೆ ತಾನೇ ಮತ್ತೆ ಎದ್ದು ಹೋಗಿ ಕೇಳಬೇಕು. ಹೊಸಬರು ಕೇಳುವುದಿಲ್ಲ. ಯಾರಾದರೂ ನಕ್ಕಾರೆಂಬ ಸಂಕೋಚ. ಮೊದಲ ವಾರವೆಲ್ಲ ಅರ್ಧ ಹೊಟ್ಟೆಯಲ್ಲಿ ಏಳುತ್ತಾರೆ. ರಾತ್ರಿ ಹಸಿವಾಗುತ್ತದೆ. ಹಸಿದ ಹೊಟ್ಟೆಗೆ ಊರು ಇನ್ನೂ ಹತ್ತಿರ ಬಂದು ಕರೆಯುತ್ತದೆ. ಮನೆ ನೆನೆದು ಅಳುತ್ತಿದ್ದ ಎಷ್ಟೋ ಮಕ್ಕಳಿಗೆ ನಿಜವಾಗಿ ಬೇಕಿದ್ದದ್ದು ಇನ್ನೊಂದು ಸೌಟು ಅನ್ನ ಎಂಬುದು ನನಗೆ ಅಡುಗೆ ಮನೆಯ ಹೆಂಗಸರಿಂದ ತಿಳಿಯಿತು.

ಈ ಅಡುಗೆಯವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಯಾರು ಊಟಕ್ಕೆ ಬರಲಿಲ್ಲ, ಯಾರು ತಟ್ಟೆಯಲ್ಲಿ ಬಿಟ್ಟು ಎದ್ದರು, ಯಾರ ಕಣ್ಣು ಊದಿದೆ ಎಂಬುದು ವಾರ್ಡನ್‌ಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ‘ಮೇಡಂ, ಆ ಮೂಲೆ ರೂಮಿನ ಮಗಾ ಎರಡ್ ದಿನದಿಂದ ಸರ್ಯಾಗ್ ಉಣ್ತಿಲ್ಲ’ ಎಂದು ನನಗೆ ಬಂದು ಹೇಳಿದವರು ಅವರೇ. ಅವರಲ್ಲಿ ಬಹಳ ಮಂದಿ ಹೊರಗುತ್ತಿಗೆಯಲ್ಲಿ ದುಡಿಯುವವರು, ನಾಳೆಯ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರು. ಹಾಸ್ಟೆಲ್ ಎಂದರೆ ಕಟ್ಟಡವೆಂದು ತಿಳಿದು ಬಣ್ಣ ಬಳಿಯುವವರು ಮೊದಲು ಈ ಕೈಗಳಿಗೆ ಸರಿಯಾದ ಸಂಬಳ ಕೊಡಲಿ. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ಇನ್ನು ಮಾತು. ಒಂದೇ ಕೋಣೆಯಲ್ಲಿ ನಾಲ್ಕು ಕನ್ನಡ ಸೇರುತ್ತವೆ. ಜೊತೆಗೆ ತುಳು, ಉರ್ದು, ಲಂಬಾಣಿ ಮನೆಮಾತಿನವರೂ ಇರುತ್ತಾರೆ. ಹಳೇ ಮೈಸೂರು ಸೀಮೆಯ ಹಾಸ್ಟೆಲ್ಲಿಗೆ ಬಂದ ಸುರಪುರದ ಕಡೆಯ ಹುಡುಗಿಯೊಬ್ಬಳು ‘ಮನಿ ನೆನಪಾಗ್ಲಾಕತ್ತದ’ ಎಂದದ್ದಕ್ಕೆ ಕೋಣೆಯವರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಆ ಧಾಟಿಯನ್ನು ಅವರು ಸಿನಿಮಾದ ಹಾಸ್ಯದಲ್ಲಿ ಮಾತ್ರ ಕೇಳಿದ್ದರು. ಆದರೆ ಆ ಹುಡುಗಿ ಅಂದಿನಿಂದ ಮಾತನ್ನೇ ಬಿಟ್ಟಳು. ತರಗತಿಯಲ್ಲಿ ಹಾಜರಿಗೆ ಕೈ ಎತ್ತುವಳು, ಬಾಯಿ ಬಿಡಳು. ಅವಳನ್ನು ಉಳಿಸಿದ್ದು ನಾನಲ್ಲ. ಪಕ್ಕದ ಮಂಚದ ಮಂಡ್ಯದ ಹುಡುಗಿ ದಿನಾ ಸಂಜೆ ‘ಏಳಮ್ಮಿ, ಊಟಕ್ಕೋಗನ’ ಎಂದು ಎಬ್ಬಿಸಿಕೊಂಡು ಹೋಗಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿಸಿದಳು. ಅವಳ ರೊಟ್ಟಿ ಕೇಳಿ ತಿಂದಳು. ಒಂದು ವಾರ ಕಳೆಯುವಷ್ಟರಲ್ಲಿ ಆ ಕೋಣೆಯಲ್ಲಿ ಎರಡೂ ಸೀಮೆಯ ಮಾತು ಜೋರಾಗಿ ಕೇಳಿಸತೊಡಗಿತು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ವಾರದ ಇನ್ನೊಂದು ಸಂಕಟ ಇಂಗ್ಲಿಷಿನ ಪಾಠ. ಊರಿನ ಶಾಲೆಯಲ್ಲಿ ಮೊದಲ ಬೆಂಚಿನವಳಾಗಿದ್ದ ಹುಡುಗಿಗೆ ಇಲ್ಲಿ ಬೋರ್ಡಿನ ಮೇಲಿನದೇನೂ ಅರ್ಥವಾಗುವುದಿಲ್ಲ. ತಾನು ದಡ್ಡಿ ಎಂದು ಅವಳಿಗೆ ಜೀವನದಲ್ಲೇ ಮೊದಲ ಸಲ ಅನ್ನಿಸುವುದು ಆವಾಗ. ಮಗಳೇ, ನೀನು ಈ ಮಾತು ಕೇಳುತ್ತಿದ್ದರೆ ತಿಳಿದುಕೋ, ಮೊದಲ ತಿಂಗಳು ಅರ್ಥವಾಗದಿರುವುದು ಪಾಠವಲ್ಲ, ಆ ಭಾಷೆಯ ಓಟ. ನಿನ್ನ ಹಾಸ್ಟೆಲ್ಲಿನಲ್ಲೇ ಎರಡನೇ, ಮೂರನೇ ವರ್ಷದಲ್ಲಿ ನಿನ್ನಂತೆಯೇ ಕನ್ನಡ ಮಾಧ್ಯಮದಿಂದ ಬಂದವಳೊಬ್ಬಳು ಇರುತ್ತಾಳೆ. ಅವಳನ್ನು ಹುಡುಕು. ಅವಳ ಹಳೆಯ ನೋಟ್ಸ್‌ಗಿಂತ ಅವಳು ಹೇಗೆ ದಾಟಿದಳೆಂಬುದನ್ನು ಕೇಳು.

ತಾಯಿತಂದೆಯರಿಗೆ ಫೋನಿನ ಬಗ್ಗೆ ಒಂದು ಸೂಚನೆ. ಹಿಂದೆ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು, ಮನಿಯಾರ್ಡರ್ ಬರುತ್ತಿತ್ತು. ಧಾರವಾಡ, ಹುಬ್ಬಳ್ಳಿಗಳಲ್ಲಿ ಓದುವ ಮಕ್ಕಳಿಗೆ ಹಳ್ಳಿಯಿಂದ ಬಸ್ಸಿನಲ್ಲೇ ಬುತ್ತಿ ಬರುತ್ತಿತ್ತು. ರೊಟ್ಟಿ ಪಲ್ಯದ ಗಂಟಿಗೆ ಹೆಸರು ಬರೆದು ಕಂಡಕ್ಟರ ಕೈಗೆ ಕೊಟ್ಟರೆ ಅದು ಮಗನನ್ನು ಮುಟ್ಟುತ್ತಿತ್ತು. ಈಗ ಮುಖ ನೋಡಿ ಮಾತಾಡುವ ಫೋನು ಎಲ್ಲರ ಕೈಯಲ್ಲಿದೆ. ಒಳ್ಳೆಯದೇ. ಆದರೆ ದಿನಕ್ಕೆ ಎಂಟು ಸಲ ಫೋನ್ ಮಾಡಿ ಪ್ರತಿ ಸಲವೂ ‘ಅತ್ಯೇನೇ?’ ಎಂದು ಕೇಳಿದರೆ ಅಳು ಮರೆತವಳಿಗೂ ಅಳು ಬರುತ್ತದೆ. ರಾತ್ರಿ ಊಟದ ನಂತರ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಏನು ಉಂಡೆ, ಪಕ್ಕದ ಹುಡುಗಿಯ ಹೆಸರೇನು, ಅವಳ ಊರು ಯಾವುದು ಎಂದು ಕೇಳಿ. ಊರಿನ ಜಗಳ, ಸಾಲ, ಅಜ್ಜಿಯ ಕಾಯಿಲೆ ಇವನ್ನೆಲ್ಲ ಮೊದಲ ವಾರವೇ ಮಗುವಿನ ಕಿವಿಗೆ ತುಂಬಬೇಡಿ. ಮೊದಲ ಎರಡು ಭಾನುವಾರ ಅವಳು ಹಾಸ್ಟೆಲ್ಲಿನಲ್ಲೇ ಇರಲಿ. ನೀವು ನೋಡಲೇಬೇಕೆಂದಿದ್ದರೆ ನೀವೇ ಹೋಗಿ ಬನ್ನಿ; ಹೋಗುವಾಗ ಇಡೀ ಕೋಣೆಗೆ ಆಗುವಷ್ಟು ತಿಂಡಿ ಒಯ್ಯಿರಿ.

ಊರಿನ ನೆನಪಾಗುವುದು ಬೇರೆ, ನಿಜವಾದ ಅಪಾಯ ಬೇರೆ. ಸಂಜೆ ಅಳುತ್ತಾಳೆ, ಆದರೆ ಬೆಳಿಗ್ಗೆ ಎದ್ದು ತರಗತಿಗೆ ಹೋಗುತ್ತಾಳೆ, ಉಣ್ಣುತ್ತಾಳೆ ಎಂದಾದರೆ ಗಾಬರಿ ಬೇಡ, ದಿನ ಕಳೆದಂತೆ ಇಳಿಯುತ್ತದೆ. ಊಟ ಬಿಟ್ಟಿದ್ದಾಳೆ, ನಿದ್ದೆಯಿಲ್ಲ, ತರಗತಿಗೆ ಹೋಗುತ್ತಿಲ್ಲ, ಯಾರನ್ನೋ ಕಂಡು ಬೆಚ್ಚುತ್ತಾಳೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತಾಡುತ್ತಾಳೆ ಎಂದರೆ ಕಾಯಬೇಡಿ. ಅಂದೇ ಹೊರಟು ಬನ್ನಿ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆ 2022ರ ಅಕ್ಟೋಬರಿನಿಂದ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಕೇಂದ್ರ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ಬರೆದುಕೊಳ್ಳಿ, ಮತ್ತೊಮ್ಮೆ ಹೇಳುತ್ತೇನೆ: 1-4-4-1-6.

ರ‍್ಯಾಗಿಂಗ್ ಬಗ್ಗೆ ಬಹಳ ಹೇಳಬೇಕಿಲ್ಲ, ಕಾನೂನು ಸ್ಪಷ್ಟವಾಗಿದೆ. ಕರ್ನಾಟಕದ ಶಿಕ್ಷಣ ಕಾಯ್ದೆಯಲ್ಲೇ ಅದು ಶಿಕ್ಷಾರ್ಹ ಅಪರಾಧ. 2009ರಲ್ಲಿ ಹಿಮಾಚಲ ಪ್ರದೇಶದ ಮೆಡಿಕಲ್ ಕಾಲೇಜೊಂದರಲ್ಲಿ ಮೊದಲ ವರ್ಷದ ಹುಡುಗನೊಬ್ಬ ಸೀನಿಯರುಗಳ ಹೊಡೆತಕ್ಕೆ ಸತ್ತ. ಅದೇ ವರ್ಷ ಯುಜಿಸಿ ಇಡೀ ದೇಶಕ್ಕೆ ನಿಯಮ ತಂದಿತು. ಹೊಸಬರನ್ನು ಆದಷ್ಟು ಬೇರೆ ಕಟ್ಟಡದಲ್ಲಿ ಇರಿಸಬೇಕು, ರಾತ್ರಿ ಹೊತ್ತು ಅನಿರೀಕ್ಷಿತವಾಗಿ ಬಂದು ನೋಡಬೇಕು, ಪ್ರತಿ ವಿದ್ಯಾರ್ಥಿಯಿಂದಲೂ ಪೋಷಕರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳಬೇಕು. ದೂರು ಕೊಡಲು 1800-180-5522. ಪರಿಚಯ ಮಾಡಿಕೊಳ್ಳುವ ನೆಪದಲ್ಲಿ ಹಾಡಿಸುವುದು, ಕುಣಿಸುವುದು, ಜಾತಿ ಕೇಳುವುದು ಎಲ್ಲವೂ ಇದರೊಳಗೇ ಬರುತ್ತವೆ. ಮಾತಿನ ಧಾಟಿಯನ್ನು ಆಡಿಕೊಳ್ಳುವುದೂ ಅದೇ ದಾರಿಯ ಮೊದಲ ಹೆಜ್ಜೆ ಎಂದು ನಾನು ತಿಳಿದಿದ್ದೇನೆ.

ವಾರ್ಡನ್ ಆದವರು ಹಾಸ್ಟೆಲ್ಲಿನಲ್ಲಿ ಇರಬೇಕು ಎಂಬುದು ನನ್ನ ಇನ್ನೊಂದು ಮಾತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಬಾಳಿನ ಬಹುಪಾಲನ್ನು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಕಳೆದರು. ಗೌರಿಬಿದನೂರಿನ ಹತ್ತಿರದ ಹಳ್ಳಿಯಿಂದ ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಬಂದವರು ಅವರು. ಹುಡುಗರಿಗೆ ಮೇಷ್ಟ್ರು ಪಕ್ಕದ ಕೋಣೆಯಲ್ಲೇ ಇದ್ದಾರೆಂಬ ಧೈರ್ಯಕ್ಕಿಂತ ದೊಡ್ಡ ನಿಯಮಾವಳಿ ಬೇಕಿಲ್ಲ. ಒಬ್ಬರೇ ವಾರ್ಡನ್‌ಗೆ ಎರಡು ಮೂರು ಹಾಸ್ಟೆಲ್ ವಹಿಸಿ, ಸಂಜೆ ಹಾಜರಿ ಹಾಕಿ ಮನೆಗೆ ಹೋಗುವಂತೆ ಮಾಡಿದರೆ ರಾತ್ರಿ ಹನ್ನೊಂದಕ್ಕೆ ಅಳುವ ಮಗುವಿಗೆ ಯಾರಿದ್ದಾರೆ? ಖಾಲಿ ಹುದ್ದೆಗಳನ್ನು ತುಂಬಿ, ಹೆಣ್ಣುಮಕ್ಕಳ ಹಾಸ್ಟೆಲ್ಲಿಗಾದರೂ ಅಲ್ಲೇ ಉಳಿಯುವ ವಾರ್ಡನ್ನರನ್ನು ಕೊಡಿ ಎಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಹಾಸ್ಟೆಲ್ಲಿನಲ್ಲಿ ಈಗಾಗಲೇ ಒಂದೆರಡು ವರ್ಷ ಕಳೆದಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಭಾಷಣದಲ್ಲಿ ನಾನು ಹೆಚ್ಚು ನೆಚ್ಚಿರುವುದು ನಿಮ್ಮನ್ನು. ವಾರ್ಡನ್ ಮಾಡಲಾಗದ್ದನ್ನು ಪಕ್ಕದ ಮಂಚದವರು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ವಾರ ನಿಮ್ಮ ಹಾಸ್ಟೆಲ್ಲಿಗೆ ಹೊಸಬರು ಬಂದಿರುತ್ತಾರೆ. ಇವತ್ತು ರಾತ್ರಿ ಊಟದ ಗಂಟೆ ಹೊಡೆದಾಗ ಒಬ್ಬರೇ ಕೂತವರ ಬಾಗಿಲು ತಟ್ಟಿ, ಹೆಸರು ಕೇಳಿ, ಜೊತೆಗೆ ಕರೆದುಕೊಂಡು ಹೋಗಿ. ಎರಡನೇ ಸಲ ಬಡಿಸಿಕೊಳ್ಳಲು ನೀವೇ ಅವರ ತಟ್ಟೆ ಹಿಡಿದು ಎದ್ದು ಹೋಗಿ. ಹದಿನೈದು ದಿನ ಇಷ್ಟನ್ನು ಮಾಡಿ.